ಮಾದರಿ ವಿಮಾನದಲ್ಲಿ ಏಲರಾನ್ ಸರ್ವೋ ಜೋಡಣೆ

ರೇಡಿಯೊ ನಿಯಂತ್ರಿತ ಮಾದರಿ ವಿಮಾನದ ಏಲರಾನ್‌ಗಳನ್ನು ಆಡಿಸುವ ಸರ್ವೋಗಳನ್ನು ಆರಿಸಿ, ರೆಕ್ಕೆಯಲ್ಲಿ ಕೂರಿಸಿ, ಕಡ್ಡಿ ಮತ್ತು ಕೊಂಡಿಗಳಿಂದ ಏಲರಾನಿಗೆ ಸೇರಿಸಿ, ಅವುಗಳ ದಿಕ್ಕನ್ನೂ ಚಲನೆಯ ಮಿತಿಯನ್ನೂ ಟ್ರಾನ್ಸ್‌ಮಿಟರಿನಲ್ಲಿ ಗೊತ್ತುಪಡಿಸುವ ಕೆಲಸ. ಇದರಲ್ಲಿ ಎರಡು ಹಂತಗಳಿವೆ. ಮೊದಲನೆಯದು ಯಾಂತ್ರಿಕ ಜೋಡಣೆ. ಎರಡನೆಯದು ರೇಡಿಯೊ ಹೊಂದಿಕೆ. ಇಂದಿನ ಟ್ರಾನ್ಸ್‌ಮಿಟರುಗಳು ಗಣಕದಷ್ಟೇ ಸಮರ್ಥವಾಗಿರುವುದರಿಂದ ಕೈಕೆಲಸದ ಓರೆಕೋರೆಗಳನ್ನೆಲ್ಲ ಮೆನುವಿನಲ್ಲೇ ತಿದ್ದಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಹಾಗೆ ತಿದ್ದಿದ ಪ್ರತಿ ಅಂಶಕ್ಕೂ ಸರ್ವೋದ ಬಲದಲ್ಲೋ ನಿಖರತೆಯಲ್ಲೋ ಬೆಲೆ ತೆರಬೇಕಾಗುತ್ತದೆ. ಮೊದಲು ಕಡ್ಡಿ, ಆಮೇಲೆ ರೇಡಿಯೊ ಎಂಬ ಕ್ರಮವನ್ನು ಅನುಭವಿ ಹಾರಾಟಗಾರರು ಬಿಡದೆ ಪಾಲಿಸುವುದು ಇದೇ ಕಾರಣಕ್ಕೆ.

ಏಲರಾನಿನ ಕೆಲಸ

ಹಾರುವ ವಿಮಾನ ಮೂರು ಬಗೆಯಲ್ಲಿ ತಿರುಗಬಲ್ಲದು. ಮೂತಿಯನ್ನು ಮೇಲೆ ಕೆಳಗೆ ಮಾಡುವುದು ಎಲಿವೇಟರ್. ಎಡಬಲ ಮಾಡುವುದು ರಡ್ಡರ್. ಮೂತಿಯಿಂದ ಬಾಲದವರೆಗಿನ ಅಕ್ಷದ ಸುತ್ತ ವಿಮಾನವನ್ನು ಹೊರಳಿಸುವುದು ಏಲರಾನ್. ಎರಡೂ ರೆಕ್ಕೆಗಳ ಹಿಂದಂಚಿನಲ್ಲಿ, ತುದಿಯ ಕಡೆಗೆ, ಕೀಲುಗಳ ಮೇಲೆ ಆಡುವ ಒಂದೊಂದು ಪಟ್ಟಿ ಇರುತ್ತದೆ. ಒಂದು ಪಟ್ಟಿ ಮೇಲೆ ಹೋದಾಗ ಇನ್ನೊಂದು ಕೆಳಗಿಳಿಯುತ್ತದೆ. ಕೆಳಗಿಳಿದ ಪಟ್ಟಿಯಿರುವ ರೆಕ್ಕೆಯಲ್ಲಿ ಎತ್ತುಬಲ ಹೆಚ್ಚಿ ಅದು ಏಳುತ್ತದೆ. ಮೇಲೆದ್ದ ಪಟ್ಟಿಯಿರುವ ರೆಕ್ಕೆ ತಗ್ಗುತ್ತದೆ. ಬಲಕ್ಕೆ ವಾಲಬೇಕಾದರೆ ಬಲ ಏಲರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು.

ಪಟ್ಟಿಯ ಮೇಲೆ ಗಾಳಿ ಹೇರುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ವಿಮಾನದ ವೇಗ ಎರಡರಷ್ಟಾದರೆ ಸರ್ವೋ ಹೊರಬೇಕಾದ ಭಾರ ನಾಲ್ಕರಷ್ಟಾಗುತ್ತದೆ. ಮೇಜಿನ ಮೇಲೆ ಸಲೀಸಾಗಿ ಆಡಿದ ಏಲರಾನ್ ಮೂತಿ ಕೆಳಗೆ ಮಾಡಿ ಧುಮುಕುವ ವಿಮಾನದಲ್ಲೂ ಹಾಗೆಯೇ ಆಡೀತೆಂದು ನಂಬುವಂತಿಲ್ಲ.

ಇತಿಹಾಸ

ರೆಕ್ಕೆಯ ಅಂಚಿನಲ್ಲಿ ಆಡುವ ಪಟ್ಟಿಗಳಿಂದ ವಿಮಾನವನ್ನು ಸಮತೋಲದಲ್ಲಿಡುವ ಕಲ್ಪನೆಗೆ ಬ್ರಿಟನ್ನಿನ ಮ್ಯಾಥ್ಯೂ ಪಿಯರ್ಸ್ ವಾಟ್ ಬೋಲ್ಟನ್ 1868ರಲ್ಲೇ ಪೇಟೆಂಟ್ ಪಡೆದಿದ್ದ. ಆಗ ಹಾರುವ ವಿಮಾನವೇ ಇರಲಿಲ್ಲ. 1903ರಲ್ಲಿ ಹಾರಿದ ರೈಟ್ ಸೋದರರು ಏಲರಾನ್ ಬಳಸದೆ ಇಡೀ ರೆಕ್ಕೆಯನ್ನೇ ತಂತಿಗಳಿಂದ ತಿರುಚುತ್ತಿದ್ದರು. 1908ರಲ್ಲಿ ಫ್ರಾನ್ಸಿನ ಹೆನ್ರಿ ಫಾರ್ಮನ್ ಮತ್ತು ಅಮೆರಿಕದ ಗ್ಲೆನ್ ಕರ್ಟಿಸ್ ಏಲರಾನ್ ಇರುವ ವಿಮಾನಗಳನ್ನು ಹಾರಿಸಿದ ಮೇಲೆ ಆ ವಿಧಾನ ನೆಲೆಯೂರಿತು.

ಮಾದರಿ ವಿಮಾನಗಳಿಗೆ ಏಲರಾನ್ ಬಂದದ್ದು ತಡವಾಗಿ. ಅಮೆರಿಕದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಸೋದರರು 1937ರಲ್ಲಿ ಹಾರಿಸಿದ ‘ಗಫ್’ ರೇಡಿಯೊ ನಿಯಂತ್ರಿತ ಮಾದರಿಗಳ ಪೈಕಿ ಮೊದಮೊದಲಿನದು. ಅದು ಈಗ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಆ ಬಳಿಕ ಬಹಳ ವರ್ಷ ಹವ್ಯಾಸಿಗಳ ವಿಮಾನಗಳಲ್ಲಿ ರಡ್ಡರ್ ಒಂದೇ ಆಡುತ್ತಿತ್ತು. ರಬ್ಬರಿನ ಹುರಿಯನ್ನು ತಿರುಚಿಟ್ಟು, ರೇಡಿಯೊ ಸಂಕೇತ ಬಂದಾಗ ಅದನ್ನು ಒಂದೊಂದು ಹಲ್ಲಿನಷ್ಟು ಬಿಡಿಸುವ ಎಸ್ಕೇಪ್‌ಮೆಂಟ್ ಎಂಬ ಸಾಧನದಿಂದ ಕೆಲಸ ನಡೆಯುತ್ತಿತ್ತು. 1950ರ ದಶಕದಲ್ಲಿ ರೀಡ್ ಸೆಟ್‌ಗಳು ಬಂದವು. ಬೇರೆ ಬೇರೆ ಸ್ವರಗಳಿಗೆ ಕಂಪಿಸುವ ಲೋಹದ ನಾಲಗೆಗಳಿಂದಾಗಿ ಹಲವು ನಿಯಂತ್ರಣಗಳು ಸಾಧ್ಯವಾದವು; ಆದರೆ ಏಲರಾನ್ ಪೂರ್ತಿ ಮೇಲೆ ಹೋಗುತ್ತಿತ್ತು ಅಥವಾ ಪೂರ್ತಿ ಕೆಳಗಿಳಿಯುತ್ತಿತ್ತು, ನಡುವಿನ ಸ್ಥಿತಿ ಇರಲಿಲ್ಲ. ಬೆರಳು ಸ್ಟಿಕ್ಕನ್ನು ಎಷ್ಟು ಸರಿಸಿತೋ ಅಷ್ಟೇ ಪಟ್ಟಿ ಸರಿಯುವ ಪ್ರೊಪೋರ್ಷನಲ್ ವ್ಯವಸ್ಥೆ 1960ರ ದಶಕದಲ್ಲಿ ಬಳಕೆಗೆ ಬಂತು. ಇಂದಿನ ಸರ್ವೋ ಆ ದಶಕದ ಕೂಸು. ಅದು ಅರ್ಥಮಾಡಿಕೊಳ್ಳುವ ಸಂಕೇತವೂ ಆಗಿನದೇ.

ಸರ್ವೋದ ಒಳರಚನೆ

ಸರ್ವೋದ ಪೆಟ್ಟಿಗೆಯೊಳಗೆ ನಾಲ್ಕು ಭಾಗಗಳಿರುತ್ತವೆ: ಒಂದು ಡಿಸಿ ಮೋಟಾರು, ಅದರ ವೇಗವನ್ನು ಇಳಿಸಿ ಬಲವನ್ನು ಏರಿಸುವ ಗೇರುಗಳ ಸಾಲು, ಹೊರ ಅಕ್ಷ ಎಷ್ಟು ತಿರುಗಿದೆಯೆಂದು ತಿಳಿಸುವ ಪೊಟೆನ್ಷಿಯೊಮೀಟರ್, ಇವನ್ನೆಲ್ಲ ನಡೆಸುವ ಚಿಕ್ಕ ಸರ್ಕ್ಯೂಟ್. ಹೊರಗೆ ಮೂರು ತಂತಿಗಳು ಬರುತ್ತವೆ. ಕೆಂಪು ತಂತಿ ಧನ, ಕಪ್ಪು ಅಥವಾ ಕಂದು ತಂತಿ ಋಣ. ಬಿಳಿ, ಹಳದಿ ಅಥವಾ ಕಿತ್ತಳೆ ಬಣ್ಣದ್ದು ಸಂಕೇತದ ತಂತಿ.

ಆ ಸಂಕೇತ ಸೆಕೆಂಡಿಗೆ ಸುಮಾರು 50 ಬಾರಿ ಬರುವ ವಿದ್ಯುತ್ ಮಿಡಿತ. ಮಿಡಿತದ ಅಗಲ 1.5 ಮಿಲಿಸೆಕೆಂಡ್ ಇದ್ದರೆ ಸರ್ವೋ ನಡುವಿನಲ್ಲಿ ನಿಲ್ಲುತ್ತದೆ. ಅಗಲ 1ರ ಕಡೆಗೆ ಇಳಿದರೆ ಒಂದು ಬದಿಗೆ, 2ರ ಕಡೆಗೆ ಏರಿದರೆ ಇನ್ನೊಂದು ಬದಿಗೆ ತಿರುಗುತ್ತದೆ. ಫುಟಾಬಾ ಕಂಪನಿಯ ಸೆಟ್‌ಗಳಲ್ಲಿ ನಡುಸ್ಥಾನ 1.52 ಮಿಲಿಸೆಕೆಂಡ್. ಪೊಟೆನ್ಷಿಯೊಮೀಟರ್ ತಿಳಿಸುವ ಸ್ಥಾನಕ್ಕೂ ಸಂಕೇತ ಕೇಳಿದ ಸ್ಥಾನಕ್ಕೂ ಅಂತರವಿರುವಷ್ಟು ಹೊತ್ತು ಮೋಟಾರು ಓಡುತ್ತದೆ. ಅಂತರ ಮುಗಿದಾಗ ನಿಲ್ಲುತ್ತದೆ. ಗಾಳಿ ಏಲರಾನನ್ನು ತಳ್ಳಿದರೆ ಅಂತರ ಮತ್ತೆ ಹುಟ್ಟುತ್ತದೆ, ಸರ್ವೋ ಎದುರು ತಳ್ಳುತ್ತದೆ. ಡಿಜಿಟಲ್ ಸರ್ವೋ ತನ್ನ ಮೋಟಾರಿಗೆ ಸೆಕೆಂಡಿಗೆ ಸುಮಾರು 300 ಬಾರಿ ವಿದ್ಯುತ್ ಕೊಡುತ್ತದೆ. ಹೀಗಾಗಿ ಅದರ ಹಿಡಿತ ಬಿಗಿ. ವಿದ್ಯುತ್ ಖರ್ಚೂ ಹೆಚ್ಚು.

ಸರ್ವೋ ಆಯ್ಕೆ

ಸರ್ವೋ ಕೊಳ್ಳುವಾಗ ನೋಡಬೇಕಾದವು ಟಾರ್ಕ್, ವೇಗ, ತೂಕ, ಗೇರಿನ ಬಗೆ ಮತ್ತು ವೋಲ್ಟೇಜ್. ಟಾರ್ಕನ್ನು ಕಿಲೋಗ್ರಾಂ ಸೆಂಟಿಮೀಟರಿನಲ್ಲಿ ಹೇಳುತ್ತಾರೆ. 3 ಕೆಜಿ ಸೆಂಮೀ ಸರ್ವೋ ಎಂದರೆ ಅಕ್ಷದಿಂದ ಒಂದು ಸೆಂಟಿಮೀಟರ್ ದೂರದಲ್ಲಿ ಅದು 3 ಕೆಜಿ ಬಲ ಹಾಕಬಲ್ಲದು ಎಂದರ್ಥ. ವೇಗವನ್ನು 60 ಡಿಗ್ರಿ ತಿರುಗಲು ಹಿಡಿಯುವ ಸೆಕೆಂಡುಗಳಲ್ಲಿ ಸೂಚಿಸುತ್ತಾರೆ.

ಒಂದು ಕೆಜಿಯೊಳಗಿನ ಫೋಮ್ ವಿಮಾನಗಳಿಗೆ ‘9 ಗ್ರಾಂ’ ಎಂದೇ ಹೆಸರಾದ ಮೈಕ್ರೊ ಸರ್ವೋಗಳು ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಿಂದ ಹಿಡಿದು ಕಾಲೇಜುಗಳ ಪ್ರಯೋಗಾಲಯಗಳವರೆಗೆ ಎಲ್ಲೆಡೆ ಕಾಣಸಿಗುವ ಎಸ್‌ಜಿ 90 ಈ ವರ್ಗದ್ದು; 4.8 ವೋಲ್ಟಿನಲ್ಲಿ ಅದರ ಘೋಷಿತ ಟಾರ್ಕ್ 1.8 ಕೆಜಿ ಸೆಂಮೀ. ಒಂದೂವರೆ ಮೀಟರ್ ರೆಕ್ಕೆಯ, 6.5 ಸಿಸಿ ಎಂಜಿನಿನ, ಎರಡೂವರೆ ಕೆಜಿ ಸುಮಾರಿನ ಬಾಲ್ಸಾ ಟ್ರೇನರ್ ವಿಮಾನಕ್ಕೆ 3 ಕೆಜಿ ಸೆಂಮೀ ಬಲದ, 40 ಗ್ರಾಂ ಆಸುಪಾಸಿನ ಸ್ಟ್ಯಾಂಡರ್ಡ್ ಸರ್ವೋ ಬಹುಕಾಲದಿಂದ ರೂಢಿಯಲ್ಲಿದೆ. ದೊಡ್ಡ ಅಳತೆಯ ಕಸರತ್ತಿನ ವಿಮಾನಗಳಲ್ಲಿ ಪ್ರತಿ ಏಲರಾನಿಗೆ 10 ಕೆಜಿ ಸೆಂಮೀಗೂ ಮೇಲ್ಪಟ್ಟ, ಲೋಹದ ಗೇರಿನ ಸರ್ವೋಗಳು ಬೇಕಾಗುತ್ತವೆ.

ನೈಲಾನ್ ಗೇರಿಗೆ ಪೆಟ್ಟು ಬಿದ್ದರೆ ಹಲ್ಲು ಮುರಿಯುತ್ತದೆ. ಆದರೆ ಹೊಸದರಲ್ಲಿ ಅದು ಬಿಗಿಯಾಗಿ, ನಯವಾಗಿ ಓಡುತ್ತದೆ. ಲೋಹದ ಗೇರು ಪೆಟ್ಟು ತಾಳಿಕೊಳ್ಳುತ್ತದೆ, ಸವೆದಂತೆಲ್ಲ ಸಡಿಲವಾಗುತ್ತದೆ. ಎರಡೂ ರೆಕ್ಕೆಗಳಿಗೆ ಒಂದೇ ತಯಾರಿಕೆಯ, ಒಂದೇ ಮಾದರಿಯ ಸರ್ವೋ ಹಾಕುವುದು ಕಡ್ಡಾಯವೆಂದೇ ತಿಳಿಯಬೇಕು. ವೇಗ ಬೇರೆಯಾದರೆ ಎಡಬಲ ಹೊರಳು ಒಂದೇ ರೀತಿ ಬರುವುದಿಲ್ಲ.

ಒಂದು ಸರ್ವೋ, ಎರಡು ಸರ್ವೋ

ಹಳೆಯ ಟ್ರೇನರುಗಳಲ್ಲಿ ರೆಕ್ಕೆಯ ನಡುವೆ ಒಂದೇ ಸರ್ವೋ ಇದ್ದು, ಎರಡು ಬದಿಗೂ ಹೋಗುವ ಟಾರ್ಕ್ ರಾಡ್ ಎಂಬ ಬಾಗಿದ ತಂತಿಗಳನ್ನು ತಿರುಗಿಸುತ್ತದೆ. ಇದು ಅಗ್ಗ, ಹಗುರ; ತಂತಿ ತಿರುಚಿಕೊಳ್ಳುವುದರಿಂದ ನಿಖರತೆ ಕಡಿಮೆ. ಒಂದೊಂದು ರೆಕ್ಕೆಗೂ ಒಂದೊಂದು ಸರ್ವೋ ಇಟ್ಟರೆ ಕಡ್ಡಿ ಗಿಡ್ಡವಾಗಿ ನೇರವಾಗುತ್ತದೆ, ಹಿಡಿತ ಬಿಗಿಯಾಗುತ್ತದೆ. ಈಗಿನ ಹೆಚ್ಚಿನ ವಿಮಾನಗಳಲ್ಲಿ ಇದೇ ಪದ್ಧತಿ.

ಎರಡು ಸರ್ವೋಗಳಿಗೆ ಸಂಕೇತ ಕೊಡಲು ದಾರಿ ಎರಡು. ವೈ ಕೇಬಲ್ ಹಾಕಿದರೆ ರಿಸೀವರಿನ ಒಂದೇ ಚಾನೆಲ್ ಸಾಕು. ಆಗ ಎರಡೂ ಸರ್ವೋಗಳಿಗೆ ಹೋಗುವುದು ಒಂದೇ ಸಂಕೇತ. ಅವು ಎಡಗೈ ಬಲಗೈಗಳಂತೆ ಪರಸ್ಪರ ಕನ್ನಡಿ ಬಿಂಬವಾಗಿ ಕುಳಿತಿದ್ದರೆ ಒಂದರ ಆರ್ಮ್ (ಅಕ್ಷಕ್ಕೆ ತೊಡಿಸುವ ತೋಳು) ಮುಂದೆ, ಇನ್ನೊಂದರದು ಹಿಂದೆ ಹೋಗಿ ಏಲರಾನ್‌ಗಳು ಎದುರುಬದುರಾಗಿ ಆಡುತ್ತವೆ. ಎರಡನ್ನೂ ಒಂದೇ ಮುಖವಾಗಿ ಕೂರಿಸಿದರೆ ಎರಡೂ ಪಟ್ಟಿ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಇಳಿಯುತ್ತವೆ, ವಿಮಾನ ಹೊರಳುವುದಿಲ್ಲ. ಎರಡನೆಯ ದಾರಿಯೆಂದರೆ ಪ್ರತಿ ಸರ್ವೋಗೂ ಬೇರೆ ಚಾನೆಲ್ ಕೊಟ್ಟು ಟ್ರಾನ್ಸ್‌ಮಿಟರಿನಲ್ಲಿ ಮಿಕ್ಸ್ ಮಾಡುವುದು. ಇದರಲ್ಲಿ ಎರಡರ ನಡುಸ್ಥಾನ, ಮಿತಿ, ದಿಕ್ಕುಗಳನ್ನು ಬೇರೆ ಬೇರೆಯಾಗಿ ತಿದ್ದಬಹುದು. ಚಾನೆಲ್ ಬಿಡುವಿದ್ದರೆ ವೈ ಕೇಬಲ್ ಬಳಸಲು ಕಾರಣವೇ ಇಲ್ಲ.

ರೆಕ್ಕೆಯಲ್ಲಿ ಕೂರಿಸುವುದು

ಬಾಲ್ಸಾ ರೆಕ್ಕೆಯಲ್ಲಿ ಸರ್ವೋಗೆಂದೇ ಕೊರೆದ ಗೂಡು ಇರುತ್ತದೆ. ಸರ್ವೋದ ಕಿವಿಗಳಿಗೆ ರಬ್ಬರ್ ಗ್ರಾಮೆಟ್ ತೊಡಿಸಿ, ಅವುಗಳೊಳಗೆ ಹಿತ್ತಾಳೆಯ ಪುಟ್ಟ ನಳಿಕೆಯನ್ನು ಕೆಳಗಿನಿಂದ ತೂರಿಸುತ್ತಾರೆ. ನಳಿಕೆಯ ಅಗಲವಾದ ಅಂಚು ಮರದ ಕಡೆಗೆ ಇರಬೇಕು. ತಿರುಪು ಬಿಗಿದಾಗ ಈ ನಳಿಕೆ ಅದನ್ನು ಒಂದು ಹಂತದಲ್ಲಿ ತಡೆಯುತ್ತದೆ, ರಬ್ಬರು ಅಪ್ಪಚ್ಚಿಯಾಗದೆ ಎಂಜಿನಿನ ಕಂಪನವನ್ನು ಹೀರುತ್ತದೆ. ತಿರುಪಿನ ರಂಧ್ರಕ್ಕೆ ಒಂದು ಹನಿ ತೆಳು ಸೂಪರ್ ಗ್ಲೂ ಬಿಟ್ಟು ಒಣಗಿಸಿದರೆ ಮೆದು ಮರದ ಹಲ್ಲುಗಳು ಗಟ್ಟಿಯಾಗುತ್ತವೆ.

ಫೋಮ್ ವಿಮಾನಗಳಲ್ಲಿ ಬಿಸಿ ಅಂಟೇ ರೂಢಿ. ಸರ್ವೋಗೆ ಮೊದಲು ಟೇಪ್ ಸುತ್ತಿ ಅದರ ಮೇಲೆ ಅಂಟು ಹಾಕಿದರೆ ಮುಂದೆ ಬಿಚ್ಚುವಾಗ ಪೆಟ್ಟಿಗೆ ಹಾಳಾಗುವುದಿಲ್ಲ, ಅಂಟು ಗೇರಿನ ಕಡೆಗೆ ಇಳಿಯುವುದೂ ಇಲ್ಲ. ಉದ್ದ ರೆಕ್ಕೆಯೊಳಗಿಂದ ತಂತಿ ಎಳೆಯಲು, ಗೂಡಿನಿಂದ ನಡುವಿನವರೆಗೆ ಮೊದಲೇ ಒಂದು ದಾರ ಹಾಯಿಸಿಟ್ಟಿರುತ್ತಾರೆ. ಎಕ್ಸ್‌ಟೆನ್ಷನ್ ತಂತಿಯ ಕನೆಕ್ಟರಿಗೆ ಕ್ಲಿಪ್ ಅಥವಾ ಹೀಟ್‌ಶ್ರಿಂಕ್ ಹಾಕದೆ ರೆಕ್ಕೆಯೊಳಗೆ ಬಿಡಬಾರದು. ಹಾರಾಟದಲ್ಲಿ ಅದು ಕಳಚಿಕೊಂಡರೆ ಆ ಬದಿಯ ಏಲರಾನ್ ಸತ್ತಂತೆಯೇ.

ಆರ್ಮಿನ ನಡುಸ್ಥಾನ

ಸರ್ವೋಗೆ ಆರ್ಮ್ ತೊಡಿಸುವ ಮುನ್ನ ಟ್ರಾನ್ಸ್‌ಮಿಟರಿನ ನಡುಸ್ಥಾನ ತಿದ್ದುವ ಟ್ರಿಮ್ ಮತ್ತು ಸಬ್‌ಟ್ರಿಮ್ ಎರಡನ್ನೂ ಸೊನ್ನೆಗೆ ತಂದು, ಸರ್ವೋಗೆ ವಿದ್ಯುತ್ ಕೊಟ್ಟು ಅದನ್ನು ನಡುವಿಗೆ ನಿಲ್ಲಿಸಬೇಕು. ಟ್ರಾನ್ಸ್‌ಮಿಟರ್ ಇಲ್ಲದಾಗ ಸರ್ವೋ ಟೆಸ್ಟರ್ ಎಂಬ ಪುಟ್ಟ ಸಾಧನವೂ ಈ ಕೆಲಸ ಮಾಡುತ್ತದೆ. ಬಳಿಕ ಆರ್ಮನ್ನು, ಅದು ಕಡ್ಡಿಗೆ 90 ಡಿಗ್ರಿಯಲ್ಲಿ ನಿಲ್ಲುವಂತೆ ಅಕ್ಷಕ್ಕೆ ಒತ್ತಬೇಕು. ಲಂಬವಾಗಿರಬೇಕಾದದ್ದು ಕಡ್ಡಿಗೆ ಎಂಬುದನ್ನು ಗಮನಿಸಬೇಕು. ಸರ್ವೋದ ಪೆಟ್ಟಿಗೆಗೆ ಲಂಬವಾಗಿ ಕಂಡರೆ ಸಾಲದು.

ಅಕ್ಷದ ತುದಿಯ ಸ್ಪ್ಲೈನಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ. ಫುಟಾಬಾ ಸ್ಟ್ಯಾಂಡರ್ಡ್ ಸರ್ವೋಗಳಲ್ಲಿ 25, ಹೈಟೆಕ್‌ನಲ್ಲಿ 24, ಜೆಆರ್‌ನಲ್ಲಿ 23. ಒಂದರ ಆರ್ಮ್ ಇನ್ನೊಂದಕ್ಕೆ ಕೂರುವುದಿಲ್ಲ. ಬಲವಂತವಾಗಿ ಒತ್ತಿದರೆ ಹಲ್ಲು ಹೋಗುತ್ತದೆ. 25 ಹಲ್ಲಿನ ಅಕ್ಷದಲ್ಲಿ ಆರ್ಮನ್ನು ಒಂದು ಹಲ್ಲು ಸರಿಸಿದರೆ ಕೋನ 14.4 ಡಿಗ್ರಿ ಬದಲಾಗುತ್ತದೆ. ಇದು ದೊಡ್ಡ ಜಿಗಿತ. ಇಲ್ಲಿ ನಾಲ್ಕು ತೋಳಿನ ಆರ್ಮ್ ನೆರವಿಗೆ ಬರುತ್ತದೆ. 25ನ್ನು ನಾಲ್ಕರಿಂದ ಭಾಗಿಸಿದರೆ 6.25 ಬರುವುದರಿಂದ, ಒಂದು ತೋಳಿನ ಬದಲು ಪಕ್ಕದ ತೋಳನ್ನು ಬಳಸಿದರೆ ಸ್ಥಾನ ಕಾಲು ಹಲ್ಲಿನಷ್ಟು, ಅಂದರೆ 3.6 ಡಿಗ್ರಿ ಬದಲಾಗುತ್ತದೆ. ನಾಲ್ಕೂ ತೋಳುಗಳನ್ನು ಒಂದೊಂದಾಗಿ ಇಟ್ಟು ನೋಡಿ, ಲಂಬಕ್ಕೆ ಅತಿ ಸಮೀಪ ನಿಂತದ್ದನ್ನು ಉಳಿಸಿಕೊಂಡು ಮಿಕ್ಕ ಮೂರನ್ನು ಕತ್ತರಿಸಿ ಹಾಕುತ್ತಾರೆ. 24 ಹಲ್ಲಿನ ಅಕ್ಷದಲ್ಲಿ ಈ ಉಪಾಯ ನಡೆಯದು, 24 ನಾಲ್ಕರಿಂದ ಸರಿಯಾಗಿ ಭಾಗವಾಗುತ್ತದೆ. ಕೊನೆಗೆ ಉಳಿದ ಒಂದೆರಡು ಡಿಗ್ರಿಯ ವ್ಯತ್ಯಾಸಕ್ಕೆ ಮಾತ್ರ ಸಬ್‌ಟ್ರಿಮ್ ಬಳಸಬೇಕು. ಆರ್ಮಿನ ನಡು ತಿರುಪನ್ನು ಬಿಗಿಯಲು ಮರೆಯಬಾರದು.

ಕಡ್ಡಿ, ಹಾರ್ನ್, ಕೀಲು

ಆರ್ಮಿನಿಂದ ಏಲರಾನಿಗೆ ಚಲನೆ ಒಯ್ಯುವುದು ಪುಷ್‌ರಾಡ್. ಪೇಟೆಯ ಉಕ್ಕಿನ ಕಡ್ಡಿಗೆ ಬದಲು ಸೈಕಲ್ ಸ್ಪೋಕನ್ನು ಕತ್ತರಿಸಿ ಬಳಸುವ ಹವ್ಯಾಸಿಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಕಡ್ಡಿಯ ಒಂದು ತುದಿಯನ್ನು ಝಡ್ ಆಕಾರಕ್ಕೆ ಬಗ್ಗಿಸಿ ಆರ್ಮಿನ ರಂಧ್ರಕ್ಕೆ ಸಿಕ್ಕಿಸುತ್ತಾರೆ. ಇನ್ನೊಂದು ತುದಿಯಲ್ಲಿ ಕ್ಲೆವಿಸ್ ಎಂಬ ಕವಲುಕೊಂಡಿ ಇರುತ್ತದೆ. ಅದು ಏಲರಾನಿಗೆ ಬಿಗಿದ ಕಂಟ್ರೋಲ್ ಹಾರ್ನಿನ ರಂಧ್ರಕ್ಕೆ ಕಚ್ಚಿಕೊಳ್ಳುತ್ತದೆ. ಕ್ಲೆವಿಸ್ ಬಾಯಿ ಬಿಡದಂತೆ ಇಂಧನ ನಳಿಕೆಯ ಒಂದು ತುಂಡನ್ನು ಅದರ ಮೇಲೆ ಸರಿಸಿಡುವುದು ಹಳೆಯ ಕ್ರಮ, ಇಂದಿಗೂ ಒಳ್ಳೆಯ ಕ್ರಮ.

ಕ್ಲೆವಿಸ್ ಕೂರುವ ರಂಧ್ರ ಕೀಲಿನ ಗೆರೆಗೆ ನೇರವಾಗಿರಬೇಕು. ಅದು ಗೆರೆಯಿಂದ ಹಿಂದೆ ಅಥವಾ ಮುಂದೆ ಸರಿದರೆ ಸರ್ವೋ ಎರಡು ಬದಿಗೆ ಸಮನಾಗಿ ತಿರುಗಿದರೂ ಏಲರಾನ್ ಮೇಲೆ ಒಂದಷ್ಟು, ಕೆಳಗೆ ಇನ್ನೊಂದಷ್ಟು ಆಡುತ್ತದೆ. ಕಡ್ಡಿ ಮೇಲಿನಿಂದ ನೋಡಿದಾಗ ಕೀಲಿನ ಗೆರೆಗೆ ಲಂಬವಾಗಿ, ಓರೆಯಿಲ್ಲದೆ ಇರಬೇಕು.

ಆರ್ಮಿನ ಯಾವ ರಂಧ್ರ, ಹಾರ್ನಿನ ಯಾವ ರಂಧ್ರ ಎಂಬುದೇ ಇಡೀ ಜೋಡಣೆಯ ಮುಖ್ಯ ನಿರ್ಧಾರ. ಒಂದು ಉದಾಹರಣೆ ನೋಡಬಹುದು. ಕಡ್ಡಿ ಆರ್ಮಿನ ಅಕ್ಷದಿಂದ 12 ಮಿಮೀ ದೂರದಲ್ಲಿ, ಕೀಲಿನಿಂದ 20 ಮಿಮೀ ದೂರದಲ್ಲಿ ಇದೆಯೆನ್ನೋಣ. ಸರ್ವೋ 45 ಡಿಗ್ರಿ ತಿರುಗಿದಾಗ ಕಡ್ಡಿ ಸುಮಾರು 8.5 ಮಿಮೀ ಸರಿಯುತ್ತದೆ, ಏಲರಾನ್ ಸುಮಾರು 25 ಡಿಗ್ರಿ ತಿರುಗುತ್ತದೆ. ಸರ್ವೋದ ಬಲ 3 ಕೆಜಿ ಸೆಂಮೀ ಇದ್ದರೆ ಕೀಲಿನ ಬಳಿ ಅದು 5 ಕೆಜಿ ಸೆಂಮೀ ಆಗಿ ಸಿಗುತ್ತದೆ. ಅದೇ ಆರ್ಮ್ ಮತ್ತು ಹಾರ್ನ್ ಎರಡೂ 20 ಮಿಮೀ ಆಗಿದ್ದರೆ ಏಲರಾನ್ 45 ಡಿಗ್ರಿ ಆಡುತ್ತದೆ, ಬಲ ಮಾತ್ರ ಮೂರರಲ್ಲೇ ನಿಲ್ಲುತ್ತದೆ. ಅಷ್ಟು ಚಲನೆ ಬೇಡವೆಂದು ಟ್ರಾನ್ಸ್‌ಮಿಟರಿನಲ್ಲಿ ಅದನ್ನು ಅರ್ಧಕ್ಕೆ ಇಳಿಸಿದರೆ ನಷ್ಟ ಮೂರು ಕಡೆ: ಸರ್ವೋದ ಬಲ ಪೂರ್ತಿ ಬಳಕೆಯಾಗುವುದಿಲ್ಲ, ರೇಡಿಯೊ ಸಂಕೇತದ 1024 ಹೆಜ್ಜೆಗಳಲ್ಲಿ ಆಡಬೇಕಾದ ಏಲರಾನ್ 512 ಹೆಜ್ಜೆಗಳಲ್ಲಿ ಆಡುತ್ತದೆ, ಗೇರಿನ ಸಡಿಲ ಏಲರಾನಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಬೇಕಾದ ಚಲನೆ ಸಿಗುವ ಮಟ್ಟಿಗೆ ಆರ್ಮಿನಲ್ಲಿ ಒಳಗಿನ ರಂಧ್ರ, ಹಾರ್ನಿನಲ್ಲಿ ಹೊರಗಿನ ರಂಧ್ರ ಎಂಬ ನಿಯಮ ಬಂದದ್ದು ಇದರಿಂದ.

ಕೀಲುಗಳು ಸಲೀಸಾಗಿರಬೇಕು. ಕ್ಲೆವಿಸ್ ಕಳಚಿ ಬೆರಳಿನಿಂದ ಏಲರಾನನ್ನು ಆಡಿಸಿದರೆ ಎಲ್ಲೂ ಹಿಡಿಯಬಾರದು. ಕ್ಲೆವಿಸ್ ಸೇರಿಸಿ, ವಿದ್ಯುತ್ ಕೊಟ್ಟು ಏಲರಾನಿನ ತುದಿ ಹಿಡಿದು ಅಲುಗಿಸಿದರೆ ಸಡಿಲವೂ ಇರಬಾರದು. ಆರ್ಮಿನ ರಂಧ್ರ ಕಡ್ಡಿಗಿಂತ ದೊಡ್ಡದಾಗಿರುವುದು ಸಡಿಲಕ್ಕೆ ಎಲ್ಲಕ್ಕಿಂತ ಸಾಮಾನ್ಯ ಕಾರಣ.

ಟ್ರಾನ್ಸ್‌ಮಿಟರ್ ಹೊಂದಿಕೆ

ಯಾಂತ್ರಿಕ ಕೆಲಸ ಮುಗಿದ ಮೇಲೆ ಮೊದಲು ದಿಕ್ಕು. ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲ ಏಲರಾನ್ ಮೇಲೇಳಬೇಕು. ತಿರುವುಮುರುವಾದರೆ ಮೆನುವಿನ ರಿವರ್ಸ್ ಆಯ್ಕೆಯಿಂದ ಸರಿಪಡಿಸಬೇಕು. ಸಂಶಯ ಬಂದರೆ ಒಂದು ಗುರುತು ಇದೆ: ಸ್ಟಿಕ್ಕಿನ ಮೇಲೆ ನೆಟ್ಟಗೆ ನಿಲ್ಲಿಸಿದ ಹೆಬ್ಬೆರಳು ಸರಿದ ಕಡೆಯ ಏಲರಾನೇ ಹೆಬ್ಬೆರಳಿನಂತೆ ಮೇಲೆ ನಿಂತಿರಬೇಕು.

ಎರಡನೆಯದು ಚಲನೆಯ ಮಿತಿ. ಇದಕ್ಕೆ ಎಂಡ್‌ಪಾಯಿಂಟ್, ಟ್ರಾವೆಲ್, ಎಟಿವಿ ಎಂಬ ಹೆಸರುಗಳಿವೆ. ಶೇ 100ಕ್ಕೆ ಇಟ್ಟಾಗ ಸರ್ವೋ ಸಾಮಾನ್ಯವಾಗಿ ಪ್ರತಿ ಬದಿಗೆ 40ರಿಂದ 45 ಡಿಗ್ರಿ ತಿರುಗುತ್ತದೆ. ಪೂರ್ತಿ ಸ್ಟಿಕ್ ಕೊಟ್ಟಾಗ ಸರ್ವೋ ಗುಂಯ್‌ಗುಟ್ಟಿದರೆ ಎಲ್ಲೋ ತಡೆ ಇದೆಯೆಂದು ಅರ್ಥ. ಆಗ ಮಿತಿ ಇಳಿಸುವ ಮೊದಲು ತಡೆಯನ್ನು ಹುಡುಕಬೇಕು.

ಚಲನೆಯನ್ನು ಏಲರಾನಿನ ಹಿಂದಂಚಿನಲ್ಲಿ ಮಿಲಿಮೀಟರುಗಳಲ್ಲಿ ಅಳೆಯುವುದು ರೂಢಿ. ವಿಮಾನದ ಕೈಪಿಡಿ ಕೋನದಲ್ಲಿ ಹೇಳಿದ್ದರೆ ಏಲರಾನಿನ ಅಗಲವನ್ನು ಆ ಕೋನದ ಸೈನ್ ಬೆಲೆಯಿಂದ ಗುಣಿಸಬೇಕು. 40 ಮಿಮೀ ಅಗಲದ ಏಲರಾನಿಗೆ 15 ಡಿಗ್ರಿ ಎಂದರೆ ಸುಮಾರು 10 ಮಿಮೀ, 30 ಡಿಗ್ರಿ ಎಂದರೆ 20 ಮಿಮೀ. ಕಲಿಯುವವರ ಟ್ರೇನರಿಗೆ 10ರಿಂದ 12 ಮಿಮೀ ಸಾಕಾಗುತ್ತದೆ. ತ್ರಿಡಿ ಕಸರತ್ತಿನ ವಿಮಾನಗಳಲ್ಲಿ 30 ಡಿಗ್ರಿಗೂ ಹೆಚ್ಚು ಇಡುತ್ತಾರೆ. ರೆಕ್ಕೆಯ ಹಿಂದಂಚಿಗೆ ಒಂದು ಅಳತೆಪಟ್ಟಿಯನ್ನು ಟೇಪಿನಿಂದ ಅಂಟಿಸಿ ಎಡಬಲಗಳೆರಡನ್ನೂ ಅಳೆದು ಸಮ ಮಾಡಬೇಕು.

ಮೂರನೆಯದು ಡ್ಯುಯಲ್ ರೇಟ್ ಮತ್ತು ಎಕ್ಸ್‌ಪೊ. ಡ್ಯುಯಲ್ ರೇಟ್ ಸ್ವಿಚ್ಚು ಪೂರ್ತಿ ಚಲನೆಯನ್ನು ಶೇ 60 ಅಥವಾ 70ಕ್ಕೆ ಇಳಿಸುತ್ತದೆ. ಎಕ್ಸ್‌ಪೊ ಪೂರ್ತಿ ಚಲನೆಯನ್ನು ಹಾಗೇ ಉಳಿಸಿ ಸ್ಟಿಕ್ಕಿನ ನಡುವಿನ ಭಾಗವನ್ನು ಮಂದ ಮಾಡುತ್ತದೆ. ಇಲ್ಲಿ ಒಂದು ಅಪಾಯವಿದೆ. ಫುಟಾಬಾದಲ್ಲಿ ಮಂದ ಮಾಡಲು ಋಣ ಸಂಖ್ಯೆ ಕೊಡಬೇಕು. ಸ್ಪೆಕ್ಟ್ರಮ್ ಮತ್ತು ಜೆಆರ್‌ನಲ್ಲಿ ಧನ ಸಂಖ್ಯೆ. ಒಂದು ಸೆಟ್ಟಿನ ಅಂಕಿಯನ್ನು ಚಿಹ್ನೆ ನೋಡದೆ ಇನ್ನೊಂದಕ್ಕೆ ನಕಲಿಸಿದರೆ ವಿಮಾನ ನಡುವಿನಲ್ಲೇ ಚುರುಕಾಗಿ ಕೈ ಮೀರುತ್ತದೆ.

ಡಿಫರೆನ್ಷಿಯಲ್

ಕೆಳಗಿಳಿದ ಏಲರಾನ್ ತನ್ನ ರೆಕ್ಕೆಗೆ ಎತ್ತುಬಲ ಕೊಡುವಾಗ ಗಾಳಿಯ ತಡೆಯನ್ನೂ ಹೆಚ್ಚಿಸುತ್ತದೆ. ಬಲಕ್ಕೆ ವಾಲಲು ಹೊರಟ ವಿಮಾನದ ಎಡ ರೆಕ್ಕೆ ಹಿಂದಕ್ಕೆ ಎಳೆಯಲ್ಪಟ್ಟು ಮೂತಿ ಎಡಕ್ಕೆ ತಿರುಗುತ್ತದೆ. ಅಡ್ವರ್ಸ್ ಯಾ ಎಂದು ಕರೆಯುವ ಈ ತೊಂದರೆಯನ್ನು ರೈಟ್ ಸೋದರರು 1901ರ ಗ್ಲೈಡರಿನಲ್ಲೇ ಎದುರಿಸಿದ್ದರು. 1902ರ ಗ್ಲೈಡರಿಗೆ ಅವರು ಆಡುವ ರಡ್ಡರ್ ಹಾಕಿದ್ದು ಅದರ ಪರಿಹಾರಕ್ಕಾಗಿಯೇ. ಉದ್ದ ರೆಕ್ಕೆಯ ಗ್ಲೈಡರುಗಳಲ್ಲಿ, ಅಡಿಭಾಗ ಚಪ್ಪಟೆಯಿರುವ ರೆಕ್ಕೆಯ ಟ್ರೇನರುಗಳಲ್ಲಿ, ಹಳೆಯ ಕಾಲದ ದ್ವಿರೆಕ್ಕೆ ವಿಮಾನಗಳ ಮಾದರಿಗಳಲ್ಲಿ ಇದು ಎದ್ದು ಕಾಣುತ್ತದೆ.

ಮೇಲೇಳುವ ಪಟ್ಟಿಯನ್ನು ಹೆಚ್ಚು, ಇಳಿಯುವ ಪಟ್ಟಿಯನ್ನು ಕಡಿಮೆ ಆಡಿಸುವುದೇ ಡಿಫರೆನ್ಷಿಯಲ್. ಮೇಲೆ 15 ಮಿಮೀ ಇಟ್ಟರೆ ಕೆಳಗೆ 8 ಅಥವಾ 9 ಮಿಮೀ ಇಡಬಹುದು. ಡಿ ಹ್ಯಾವಿಲ್ಯಾಂಡ್ ಕಂಪನಿಯ ಟೈಗರ್ ಮಾತ್ ತರಬೇತಿ ವಿಮಾನದಲ್ಲಿ ಈ ಅಂತರ ಎಷ್ಟು ಹೆಚ್ಚೆಂದರೆ ಇಳಿಯಬೇಕಾದ ಏಲರಾನ್ ಬಹುಮಟ್ಟಿಗೆ ನಿಂತಲ್ಲೇ ಇರುತ್ತದೆ. ಅದರ ಮಾದರಿ ಕಟ್ಟುವವರೂ ಅದನ್ನೇ ಅನುಸರಿಸುತ್ತಾರೆ.

ಎರಡು ಚಾನೆಲ್ ಇದ್ದರೆ ಡಿಫರೆನ್ಷಿಯಲ್ಲನ್ನು ಮೆನುವಿನಲ್ಲಿ ಶೇಕಡಾವಾರು ಕೊಡಬಹುದು. ವೈ ಕೇಬಲ್ ಇದ್ದರೆ ಅದನ್ನು ಕಡ್ಡಿಯಲ್ಲೇ ತರಬೇಕು. ಸರ್ವೋ ಮತ್ತು ಹಾರ್ನ್ ರೆಕ್ಕೆಯ ಅಡಿಯಲ್ಲಿದ್ದಾಗ ಕಡ್ಡಿ ಹಿಂದಕ್ಕೆ ತಳ್ಳಿದರೆ ಏಲರಾನ್ ಏಳುತ್ತದೆ. ಆರ್ಮನ್ನು ಲಂಬದಿಂದ ಒಂದು ಹಲ್ಲು ರೆಕ್ಕೆಯ ಮುಂದಂಚಿನ ಕಡೆಗೆ ವಾಲಿಸಿ ಕೂರಿಸಿದರೆ ಹಿಂದಕ್ಕೆ ತಳ್ಳುವ ದೂರ ಹೆಚ್ಚಿ, ಮುಂದಕ್ಕೆ ಎಳೆಯುವ ದೂರ ತಗ್ಗುತ್ತದೆ. ಲಂಬದ ನಿಯಮವನ್ನು ಬೇಕೆಂದೇ ಮುರಿಯುವ ಸಂದರ್ಭ ಇದೊಂದೇ. ರೆಕ್ಕೆಯ ಮೇಲೂ ಕೆಳಗೂ ಒಂದೇ ಉಬ್ಬಿರುವ ಕಸರತ್ತಿನ ವಿಮಾನಗಳಿಗೆ ಡಿಫರೆನ್ಷಿಯಲ್ ಅಷ್ಟಾಗಿ ಬೇಕಿಲ್ಲ. ತಲೆಕೆಳಗಾಗಿ ಹಾರುವಾಗ ಅದು ತೊಡಕನ್ನೇ ತರುತ್ತದೆ.

ಇತರ ಬಳಕೆಗಳು

ಪ್ರತ್ಯೇಕ ಚಾನೆಲ್‌ಗಳಲ್ಲಿರುವ ಏಲರಾನ್‌ಗಳನ್ನು ಬೇರೆ ಕೆಲಸಕ್ಕೂ ಹಚ್ಚಬಹುದು. ಎರಡನ್ನೂ ತುಸು ಇಳಿಸಿದರೆ ಅವು ಫ್ಲಾಪ್‌ನಂತೆ ವರ್ತಿಸುತ್ತವೆ, ಇದು ಫ್ಲಾಪರಾನ್. ವೇಗ ಕಡಿಮೆಯಿರುವಾಗ ಹೀಗೆ ಹೆಚ್ಚು ಇಳಿಸಿದರೆ ರೆಕ್ಕೆಯ ತುದಿ ಮೊದಲು ಸ್ಟಾಲ್ ಆಗಿ, ಅಂದರೆ ಎತ್ತುಬಲ ಕಳೆದುಕೊಂಡು, ವಿಮಾನ ಒಂದು ಬದಿಗೆ ಕುಸಿಯಬಹುದು. ಎರಡನ್ನೂ ಮೇಲೆತ್ತಿದರೆ ಎತ್ತುಬಲ ಕುಗ್ಗಿ ವಿಮಾನ ಬೇಗ ಇಳಿಯುತ್ತದೆ. ಗ್ಲೈಡರುಗಳಲ್ಲಿ ಏಲರಾನ್ ಮೇಲೆ, ಫ್ಲಾಪ್ ಕೆಳಗೆ ಮಾಡಿ ಗಾಳಿಬ್ರೇಕ್ ಹಾಕುವುದುಂಟು. ಬಾಲವಿಲ್ಲದ ವಿಮಾನಗಳಲ್ಲಿ ಏಲರಾನ್ ಮತ್ತು ಎಲಿವೇಟರ್ ಎರಡರ ಕೆಲಸವನ್ನೂ ಒಂದೇ ಜೋಡಿ ಪಟ್ಟಿಗಳು ಮಾಡುತ್ತವೆ.

ವಿದ್ಯುತ್ ಪೂರೈಕೆ

ವಿದ್ಯುತ್ ಮೋಟಾರಿನ ವಿಮಾನಗಳಲ್ಲಿ ಸರ್ವೋಗಳಿಗೆ, ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯೊಳಗಿನ ಬಿಇಸಿ ಎಂಬ ವೋಲ್ಟೇಜ್ ಇಳಿಸುವ ಭಾಗದಿಂದ 5 ವೋಲ್ಟ್ ಬರುತ್ತದೆ. ಮಧ್ಯಮ ಗಾತ್ರದ ಸಾಮಾನ್ಯ ಇಎಸ್‌ಸಿಗಳಲ್ಲಿ ಬಿಇಸಿಯ ಸಾಮರ್ಥ್ಯ 2ರಿಂದ 3 ಆಂಪಿಯರ್. ಹಿಡಿದುಕೊಂಡ ಸರ್ವೋ ನಿಂತಲ್ಲೇ ಅರ್ಧ ಆಂಪಿಯರಿಗೂ ಹೆಚ್ಚು ಎಳೆಯಬಲ್ಲದು. ನಾಲ್ಕು ಸರ್ವೋಗಳು ಒಟ್ಟಿಗೆ ಹೀಗೆ ಎಳೆದಾಗ ವೋಲ್ಟೇಜ್ ಕುಸಿದು, ಸುಮಾರು 3.5 ವೋಲ್ಟಿಗಿಂತ ಕೆಳಗಾದರೆ ರಿಸೀವರು ಆರಿಹೋಗಬಹುದು. ಡಿಜಿಟಲ್ ಸರ್ವೋಗಳಿದ್ದರೆ ಪ್ರತ್ಯೇಕ ಬಿಇಸಿ ಅಥವಾ ಬೇರೆ ಬ್ಯಾಟರಿ ಇಡುವುದು ಸುರಕ್ಷಿತ. ಹೈ ವೋಲ್ಟೇಜ್ ಎಂದು ಬರೆಯದ ಸರ್ವೋಗೆ ಎರಡು ಸೆಲ್ ಲಿಪೊ ಬ್ಯಾಟರಿಯ 8.4 ವೋಲ್ಟನ್ನು ನೇರವಾಗಿ ಕೊಟ್ಟರೆ ಅದು ಸುಟ್ಟುಹೋಗುತ್ತದೆ.

ದೋಷಗಳು

ಎಲ್ಲಕ್ಕಿಂತ ಕೆಟ್ಟ ದೋಷ ಫ್ಲಟರ್. ಸಡಿಲ ಕೊಂಡಿ, ಬಳುಕುವ ಕಡ್ಡಿ, ಬಲ ಸಾಲದ ಸರ್ವೋ ಅಥವಾ ಕೀಲಿನ ಅಗಲವಾದ ಸಂದಿನಿಂದ ಏಲರಾನ್ ಒಂದು ವೇಗದಾಚೆ ತಾನಾಗಿ ಪಟಪಟನೆ ಬಡಿದುಕೊಳ್ಳತೊಡಗುತ್ತದೆ. ನೆಲದಿಂದಲೂ ಕೇಳುವ ಆ ಗರ್‌ ಎಂಬ ಸದ್ದು ಬಂದೊಡನೆ ಥ್ರಾಟಲ್ ಇಳಿಸಬೇಕು. ತಡ ಮಾಡಿದರೆ ಏಲರಾನ್ ಕಿತ್ತುಬರುತ್ತದೆ. ಇಳಿದ ಮೇಲೆ ಸರ್ವೋದ ಗೇರು, ಕೀಲು, ಹಾರ್ನ್ ಮೂರನ್ನೂ ಪರೀಕ್ಷಿಸದೆ ಮತ್ತೆ ಹಾರಿಸಬಾರದು. ಕೀಲಿನ ಸಂದನ್ನು ತೆಳು ಟೇಪಿನಿಂದ ಮುಚ್ಚಿದರೆ ಫ್ಲಟರ್ ಭಯ ತಗ್ಗುತ್ತದೆ, ಹೊರಳುವ ಚುರುಕು ಹೆಚ್ಚುತ್ತದೆ.

ಸ್ಟಿಕ್ ಬಿಟ್ಟ ಮೇಲೆ ಏಲರಾನ್ ಪ್ರತಿ ಸಲ ಬೇರೆ ಜಾಗಕ್ಕೆ ಬಂದು ನಿಂತರೆ ಕೀಲು ಬಿಗಿಯಾಗಿದೆ ಅಥವಾ ಗೇರು ಸವೆದಿದೆ. ಸರ್ವೋ ನಿಂತಲ್ಲೇ ನಡುಗುತ್ತಿದ್ದರೆ ಪೊಟೆನ್ಷಿಯೊಮೀಟರ್ ಸವೆದಿರಬಹುದು. ಅಂಥ ಸರ್ವೋವನ್ನು ರಿಪೇರಿ ಮಾಡುವುದಕ್ಕಿಂತ ಬದಲಿಸುವುದೇ ಲೇಸು.

ಹಾರಾಟದ ಮುನ್ನ ಮತ್ತು ನಂತರ

ಮೊದಲು ಟ್ರಾನ್ಸ್‌ಮಿಟರ್, ಆಮೇಲೆ ವಿಮಾನ ಎಂಬ ಕ್ರಮದಲ್ಲಿ ಸ್ವಿಚ್ ಹಾಕಬೇಕು. ಮೆನುವಿನಲ್ಲಿ ಸರಿಯಾದ ಮಾದರಿಯ ಹೆಸರಿದೆಯೇ ನೋಡಬೇಕು. ಬೇರೆ ವಿಮಾನದ ಹೊಂದಿಕೆಯಲ್ಲಿ ಹಾರಿಸಿದರೆ ಏಲರಾನ್ ತಿರುವುಮುರುವಾಗಿರಬಹುದು. ಸಂಕೇತ ತಪ್ಪಿದಾಗ ಮೋಟಾರು ನಿಲ್ಲುವಂತೆ ಫೇಲ್‌ಸೇಫ್ ಇಟ್ಟು ಪರೀಕ್ಷಿಸಬೇಕು. ಸ್ಥಿರತೆಗೆಂದು ಗೈರೊ ಇದ್ದರೆ ಅದರ ದಿಕ್ಕನ್ನೂ ಬೇರೆಯಾಗಿ ನೋಡಬೇಕು: ವಿಮಾನವನ್ನು ಕೈಯಲ್ಲಿ ಹಿಡಿದು ಬಲ ರೆಕ್ಕೆಯನ್ನು ಥಟ್ಟನೆ ತಗ್ಗಿಸಿದರೆ ಬಲ ಏಲರಾನ್ ಕೆಳಗಿಳಿಯಬೇಕು.

ಮೊದಲ ಹಾರಾಟದಲ್ಲಿ ವಿಮಾನ ನೇರ ಹೋಗಲು ಟ್ರಿಮ್ ಕೊಡಬೇಕಾಗಿ ಬಂದರೆ, ಇಳಿದ ಮೇಲೆ ಕ್ಲೆವಿಸ್ಸನ್ನು ತಿರುಗಿಸಿ ಏಲರಾನನ್ನು ಅದೇ ಸ್ಥಾನಕ್ಕೆ ತಂದು ಟ್ರಿಮ್ಮನ್ನು ಮತ್ತೆ ಸೊನ್ನೆ ಮಾಡಬೇಕು. ಕ್ಲೆವಿಸ್ ಕೂರುವ 2 ಮಿಮೀ ದಪ್ಪದ ತಿರುಪುಮರೆಗೆ ಒಂದು ಸುತ್ತು ಎಂದರೆ 0.4 ಮಿಮೀ, 20 ಮಿಮೀ ಎತ್ತರದ ಹಾರ್ನಿನಲ್ಲಿ ಅದು ಒಂದು ಡಿಗ್ರಿಗಿಂತ ತುಸು ಹೆಚ್ಚು.

ಭಾರತದ ನಿಯಮ

ಭಾರತದ 2021ರ ಡ್ರೋನ್ ನಿಯಮಗಳು, 25 ಕೆಜಿ ಮೀರದ, ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಅಥವಾ ಮನರಂಜನೆಗೆ ಮಾತ್ರ ಬಳಸುವ, ಕಣ್ಣಿಗೆ ಕಾಣುವಷ್ಟು ದೂರದೊಳಗೆ ಹಾರಿಸುವ ಯಂತ್ರವನ್ನು ಮಾದರಿ ಎಂದು ಗುರುತಿಸುತ್ತವೆ. ಇದಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿರುವ ನಕ್ಷೆ ಮಾದರಿಗಳಿಗೂ ಅನ್ವಯಿಸುತ್ತದೆ. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ, ಜಕ್ಕೂರು ಎಂದು ನಾಲ್ಕು ವಿಮಾನ ನೆಲೆಗಳಿರುವ ಬೆಂಗಳೂರಿನ ಸುತ್ತಮುತ್ತ ಹಾರಿಸುವವರು ಈ ನಕ್ಷೆಯನ್ನು ನೋಡದೆ ಮೈದಾನಕ್ಕೆ ಇಳಿಯುವಂತಿಲ್ಲ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳು ಮತ್ತು ಎಂಜಿನಿಯರಿಂಗ್ ಕಾಲೇಜುಗಳ ತಂಡಗಳ ಮೂಲಕ ಈ ಹವ್ಯಾಸಕ್ಕೆ ಪ್ರತಿ ವರ್ಷ ಹೊಸಬರು ಬರುತ್ತಿದ್ದಾರೆ.

ಹೊಸಬರು ಸಾಮಾನ್ಯವಾಗಿ ದುಬಾರಿ ಸರ್ವೋ, ಹೆಚ್ಚು ಚಾನೆಲ್ಲಿನ ಟ್ರಾನ್ಸ್‌ಮಿಟರುಗಳಿಗೆ ಹಣ ಹಾಕುತ್ತಾರೆ. ಲಂಬವಾಗಿ ಕೂತ ಆರ್ಮ್, ಕೀಲಿನ ಗೆರೆಗೆ ನೇರವಾದ ಹಾರ್ನ್, ಸಡಿಲವಿಲ್ಲದ ಕಡ್ಡಿ ಈ ಮೂರಿದ್ದರೆ ಅಗ್ಗದ ಸರ್ವೋ ಕೂಡ ಹೇಳಿದಂತೆ ಕೇಳುತ್ತದೆ. ಇವಿಲ್ಲದಿದ್ದರೆ ಎಷ್ಟು ಬೆಲೆಯ ರೇಡಿಯೊ ಕೊಂಡರೂ ವಿಮಾನ ನೇರ ಹಾರುವುದಿಲ್ಲ.